ಆರೈಕೆಯ ಹಾದಿ ಹಿಡಿದ ಜ್ವರ: 2003ರ ಸಾರ್ಸ್



ಜೀವಮಾನವಿಡೀ ಜಿಲ್ಲಾಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದ ತಾಯಿಯ ಹೆಸರಿನಲ್ಲಿ ಮಕ್ಕಳು ಈ ಉಪನ್ಯಾಸದ ದತ್ತಿ ಇಟ್ಟಿದ್ದಾರೆ. ಸಾಂಕ್ರಾಮಿಕ ರೋಗವೊಂದರ ಬಗ್ಗೆ ಮಾತಾಡಿ ಎಂದು ಸಂಘಟಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಸಾರ್ಸ್. ಕೋವಿಡ್‌ನ ದೊಡ್ಡ ದೊಡ್ಡ ಸಂಖ್ಯೆಗಳ ಅಡಿಯಲ್ಲಿ ಅದು ಮುಚ್ಚಿಹೋಗಿದೆ. ಹಾಗೆ ಮುಚ್ಚಿಹೋಗಬಾರದು ಎಂಬುದು ನನ್ನ ಬಲವಾದ ಅಭಿಪ್ರಾಯ.

ಲೆಕ್ಕ ಹಾಕಿದರೆ ಸಾರ್ಸ್ ಸಣ್ಣದೇ. 2002ರ ನವೆಂಬರ್‌ನಿಂದ 2003ರ ಜುಲೈವರೆಗೆ ವಿಶ್ವ ಆರೋಗ್ಯ ಸಂಸ್ಥೆ ಎಣಿಸಿದ ರೋಗಿಗಳು 8,096; ಸತ್ತವರು 774. ಭಾರತದಲ್ಲಿ ಮೂರೇ ಪ್ರಕರಣ, ಸಾವಿಲ್ಲ. ಆದರೆ ಆ 8,096 ಜನರಲ್ಲಿ 1,700ಕ್ಕೂ ಹೆಚ್ಚು ಮಂದಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದವರು. ಐವರಲ್ಲಿ ಒಬ್ಬರು! ಉಳಿದವರಲ್ಲೂ ಬಹಳಷ್ಟು ಜನ ರೋಗಿಯ ಪಕ್ಕ ಕೂತ ಹೆಂಡತಿ, ಗಂಜಿ ಕುಡಿಸಿದ ಮಗ, ನೋಡಲು ಬಂದ ತಮ್ಮ, ಪಕ್ಕದ ಹಾಸಿಗೆಯಲ್ಲಿ ಬೇರೆ ಕಾಯಿಲೆಗೆಂದು ಮಲಗಿದ್ದ ಬಡಪಾಯಿ. ಈ ಜ್ವರ ಹೆಚ್ಚಾಗಿ ಸಂತೆಯಲ್ಲಿ ಹರಡಲಿಲ್ಲ, ಶಾಲೆಯಲ್ಲಿ ಹರಡಲಿಲ್ಲ. ಆರೈಕೆಯ ಹಾದಿ ಹಿಡಿದು ಬಂತು. ಆರೈಕೆ ಮಾಡುವವರಿಗೆ ತಿಳಿಯಬೇಕಾದದ್ದು ಎಲ್ಲಿ ಸಕಾಲಕ್ಕೆ ತಿಳಿಯಿತೋ ಅಲ್ಲಿ ನಿಂತಿತು. ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಹಬ್ಬಿತು. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಇದನ್ನು ತೋರಿಸಿಕೊಡಲು ಊರಿಂದ ಊರಿಗೆ ಹೋಗಬೇಕಾಗುತ್ತದೆ.

ಮೊದಲ ಊರು ಫೋಶಾನ್. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ, ಪರ್ಲ್ ನದಿ ಮುಖಜಭೂಮಿಯ ನಗರ. ಕಾರ್ಖಾನೆ, ಹೊಸ ಹಣ, ಹೊರಗಿನಿಂದ ದುಡಿಯಲು ಬಂದ ಲಕ್ಷಾಂತರ ಜನ, ಜೊತೆಗೆ ಕಾಡುಪ್ರಾಣಿಯ ಮಾಂಸವನ್ನು ಅಂತಸ್ತಿನ ಊಟವೆಂದು ಬಡಿಸುವ ಹೋಟೆಲುಗಳು ಇದ್ದ ಪ್ರದೇಶ. 2002ರ ನವೆಂಬರ್ 16ರಂದು ಅಲ್ಲಿ ಒಬ್ಬರಿಗೆ ಜ್ವರ ಬಂತು; ಅವರ ನೆಂಟರಿಗೂ ತಗುಲಿತು. ಸಾರ್ಸ್‌ನ ಮೊದಲ ಪ್ರಕರಣ ಇದೇ ಎಂದು ಗುರುತಾದದ್ದು ತಿಂಗಳುಗಳ ನಂತರ. ಡಿಸೆಂಬರ್‌ನಲ್ಲಿ ಶೆಂಝೆನ್‌ನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ವ್ಯಕ್ತಿ ಕಾಯಿಲೆ ಬಿದ್ದು ತನ್ನೂರಾದ ಹೆಯುವಾನ್‌ನ ಆಸ್ಪತ್ರೆಗೆ ಸೇರಿದ. ಅವನನ್ನು ನೋಡಿಕೊಂಡ ಸಿಬ್ಬಂದಿ ಒಬ್ಬರ ಹಿಂದೆ ಒಬ್ಬರು ಮಲಗಿದರು. ಊರಲ್ಲಿ ಸುದ್ದಿ ಹಬ್ಬಿ ಜನ ಔಷಧಿ ಅಂಗಡಿಗೆ ಮುಗಿಬಿದ್ದರು. ಆಗ ಸ್ಥಳೀಯ ಪತ್ರಿಕೆಯಲ್ಲಿ ಬಂದ ಅಧಿಕೃತ ಪ್ರಕಟಣೆ, ಸಾಂಕ್ರಾಮಿಕ ರೋಗವೇನೂ ಇಲ್ಲ ಎಂದು ಹೇಳಿತು.

ಜನವರಿಯಲ್ಲಿ ಝೊಂಗ್‌ಶಾನ್ ನಗರದಲ್ಲೂ ಇಂಥದೇ ನ್ಯುಮೋನಿಯಾ ಕಾಣಿಸಿತು. ಗುವಾಂಗ್‌ಝೌದಿಂದ ತಜ್ಞರ ತಂಡ ಹೋಗಿ ನೋಡಿ, ಇದು ಹೊಸ ಬಗೆಯದು, ಆಸ್ಪತ್ರೆ ಸಿಬ್ಬಂದಿಗೆ ಅಂಟುತ್ತಿದೆ, ಮಾಸ್ಕ್ ಹಾಕಿ, ರೋಗಿಗಳನ್ನು ಬೇರೆ ಇಡಿ ಎಂದು ವರದಿ ಬರೆಯಿತು. ವೈದ್ಯರು ಮಾಡಬೇಕಾದದ್ದನ್ನು ಮಾಡಿದ್ದರು. ಆದರೆ ಚೀನಾದ ಆಗಿನ ನಿಯಮದಂತೆ, ಆರೋಗ್ಯ ಸಚಿವಾಲಯ ತಾನೇ ಘೋಷಿಸುವವರೆಗೆ ಸಾಂಕ್ರಾಮಿಕ ರೋಗದ ಮಾಹಿತಿ ಸರ್ಕಾರದ ಗುಟ್ಟು. ಗಡಿಯಾಚೆಗಿನ ಹಾಂಗ್‌ಕಾಂಗ್‌ಗೆ ವರದಿ ಹೋಗಲಿಲ್ಲ. ಆ ವರ್ಷ ಚಾಂದ್ರಮಾನ ಹೊಸವರ್ಷ ಬಿದ್ದದ್ದು ಫೆಬ್ರವರಿ 1ಕ್ಕೆ. ಚೀನಾದಲ್ಲಿ ಇಡೀ ದೇಶವೇ ರೈಲು ಬಸ್ಸು ಹತ್ತಿ ಮನೆಗೆ ಹೊರಡುವ ಹಬ್ಬ ಅದು.

ಹಬ್ಬದ ಹಿಂದಿನ ದಿನ, ಜನವರಿ 31ರಂದು, ಮೀನು ವ್ಯಾಪಾರಿಯೊಬ್ಬ ಗುವಾಂಗ್‌ಝೌದ ಸುನ್ ಯಾತ್‌ಸೆನ್ ವಿಶ್ವವಿದ್ಯಾಲಯದ ಆಸ್ಪತ್ರೆಯೊಂದಕ್ಕೆ ದಾಖಲಾದ. ಕೆಲವೇ ದಿನಗಳಲ್ಲಿ ಅಲ್ಲಿನ ಮೂವತ್ತರಷ್ಟು ವೈದ್ಯರು, ನರ್ಸ್‌ಗಳಿಗೆ ಸೋಂಕು ತಗುಲಿತು. ಅವನಿಗೆ ಪಾಪ, ವಿಷದ ರಾಜ ಎಂದು ಹೆಸರಿಟ್ಟರು. ಆ ಹೆಸರು ನನಗೆ ಇಂದಿಗೂ ಸಹಿಸಲಾಗದು. ಉಸಿರಿಗಾಗಿ ಒದ್ದಾಡುತ್ತಿದ್ದ ಮನುಷ್ಯ ಆಸ್ಪತ್ರೆಗೆ ಹೋದ, ಅಷ್ಟೇ ಅವನು ಮಾಡಿದ್ದು. ಅವನ ಗಂಟಲಿಗೆ ಕೊಳವೆ ಇಳಿಸಿದವರಿಗೆ ಆ ವರದಿಯ ಎಚ್ಚರಿಕೆ ತಲುಪಿ, ಕೈಗೆ ಸರಿಯಾದ ಮಾಸ್ಕ್ ಸಿಕ್ಕಿದ್ದರೆ ಅವನನ್ನು ಯಾರೂ ನೆನಪಿಡಬೇಕಾಗಿರಲಿಲ್ಲ.

ಸರ್ಕಾರ ಸುಮ್ಮನಿದ್ದರೂ ಜನ ಸುಮ್ಮನಿರಲಿಲ್ಲ. ಫೆಬ್ರವರಿ ಎರಡನೇ ವಾರದಲ್ಲಿ, ಗುವಾಂಗ್‌ಝೌದಲ್ಲಿ ಮಾರಕ ಜ್ವರ ಬಂದಿದೆ ಎಂಬ ಮೊಬೈಲ್ ಸಂದೇಶ ಕೋಟಿಗಟ್ಟಲೆ ಸಲ ಕೈದಾಟಿತು. ಕೋಣೆಯಲ್ಲಿ ವಿನೆಗರ್ ಕುದಿಸಿದರೆ ಗಾಳಿ ಶುದ್ಧವಾಗುತ್ತದೆ ಎಂದು ನಂಬಿ ಜನ ವಿನೆಗರ್ ಬಾಟಲಿಗಳಿಗೆ ಎಷ್ಟು ಕೇಳಿದರೆ ಅಷ್ಟು ಬೆಲೆ ಕೊಟ್ಟರು. ಇದನ್ನು ಮೂಢನಂಬಿಕೆ ಎಂದು ನಗುವವರ ಜೊತೆ ನಾನು ಸೇರಲಾರೆ. ಖಚಿತ ಮಾಹಿತಿ ಕೊಡಬೇಕಾದವರು ಕೊಡದಿದ್ದಾಗ ಮನೆಯ ಹೆಂಗಸರು, ಮುದುಕರು ತಮ್ಮ ಕೈಲಾದದ್ದನ್ನು ಮಾಡಿದರು. ಫೆಬ್ರವರಿ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಬೀಜಿಂಗ್ ಕಚೇರಿಗೆ ಒಂದು ಇಮೇಲ್ ಬಂತು: ಗುವಾಂಗ್‌ಡಾಂಗ್‌ನಲ್ಲಿ ವಿಚಿತ್ರ ಅಂಟುರೋಗದಿಂದ ಒಂದೇ ವಾರದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಿದ್ದಾರಂತೆ. ಮರುದಿನ ಪ್ರಾಂತದ ಅಧಿಕಾರಿಗಳು ಬಾಯಿಬಿಟ್ಟರು. 305 ಪ್ರಕರಣ, 5 ಸಾವು, ಎಲ್ಲ ಹತೋಟಿಯಲ್ಲಿದೆ. ಆ 305ರಲ್ಲಿ 105 ಮಂದಿ ಆರೋಗ್ಯ ಸಿಬ್ಬಂದಿ. ನನ್ನ ಮಟ್ಟಿಗೆ ಆ ಪ್ರಕಟಣೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸುದ್ದಿ ಆ 105. ರೋಗಿಯನ್ನು ಮುಟ್ಟಿದವರಿಗೇ ಅಂಟುತ್ತಿದೆ ಎಂದು ಅದು ಸ್ಪಷ್ಟವಾಗಿ ಹೇಳುತ್ತಿತ್ತು.

ಅದೇ ತಿಂಗಳ ನಡುವಿನಲ್ಲಿ ಬೀಜಿಂಗ್‌ನ ತಜ್ಞರು ಈ ರೋಗಕ್ಕೆ ಕ್ಲಮಿಡಿಯಾ ಎಂಬ ಸೂಕ್ಷ್ಮಾಣು ಕಾರಣ ಎಂದು ಸಾರಿದರು. ಹಾಗಿದ್ದರೆ ಆ್ಯಂಟಿಬಯಾಟಿಕ್ ಸಾಕು, ಇಷ್ಟೊಂದು ಭಯ ಬೇಡ. ಗುವಾಂಗ್‌ಝೌದ ಶ್ವಾಸಕೋಶ ತಜ್ಞ ಝೊಂಗ್ ನಾನ್‌ಶಾನ್ ಒಪ್ಪಲಿಲ್ಲ. ಅವರು ದಿನವೂ ರೋಗಿಗಳನ್ನು ಕಾಣುತ್ತಿದ್ದವರು. ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತಿಲ್ಲ ಎಂಬುದು ಕಣ್ಣೆದುರಿಗೇ ಇತ್ತು. ರಾಜಧಾನಿಯ ಮಾತನ್ನು ಬಹಿರಂಗವಾಗಿ ಅಲ್ಲಗಳೆಯುವುದಕ್ಕೆ ಚೀನಾದಲ್ಲಿ ಎಂಥ ಎದೆ ಬೇಕು ಎಂದು ಯೋಚಿಸಿ. ಅವರ ಮಾತು ಕೇಳಿ ಗುವಾಂಗ್‌ಡಾಂಗ್‌ನ ಆಸ್ಪತ್ರೆಗಳು ಎಚ್ಚರಿಕೆ ಸಡಿಲಿಸಲಿಲ್ಲ. ಎಷ್ಟು ಜೀವ ಉಳಿದವೋ!

ಈಗ ಹಾಂಗ್‌ಕಾಂಗ್. ಫೆಬ್ರವರಿ 21ರಂದು ಕೌಲೂನ್‌ನ ಮೆಟ್ರೊಪೋಲ್ ಹೋಟೆಲಿನ ಒಂಬತ್ತನೇ ಮಹಡಿಯ 911ನೇ ಕೋಣೆಗೆ 64 ವರ್ಷದ ವೈದ್ಯರೊಬ್ಬರು ಬಂದಿಳಿದರು. ಹೆಸರು ಲಿಯು ಜಿಯಾನ್‌ಲುನ್. ಗುವಾಂಗ್‌ಝೌದಲ್ಲಿ ಇದೇ ರೋಗಿಗಳನ್ನು ನೋಡಿಕೊಂಡವರು; ಬಂಧುಗಳ ಮದುವೆಗೆಂದು ಬಂದಿದ್ದರು. ಮರುದಿನವೇ ಉಸಿರಾಟ ಕಷ್ಟವಾಗಿ ಕ್ವಾಂಗ್ ವಾ ಆಸ್ಪತ್ರೆಗೆ ಹೋದರು. ಆ ಒಂದು ರಾತ್ರಿಯಲ್ಲಿ ಹೋಟೆಲಿನ ಹದಿನಾರು ಮಂದಿ ಅತಿಥಿಗಳು, ಅತಿಥಿಗಳನ್ನು ನೋಡಲು ಬಂದವರಿಗೆ ಸೋಂಕು ತಗುಲಿತು. ಹೆಚ್ಚಿನವರು ಅದೇ ಮಹಡಿಯವರು. ಅವರಾರೂ ಡಾ. ಲಿಯು ಅವರನ್ನು ಮಾತಾಡಿಸಿದ್ದಕ್ಕೆ ಪುರಾವೆಯೂ ಇಲ್ಲ. ನಂತರ ಪರೀಕ್ಷಿಸಿದಾಗ ಅವರ ಕೋಣೆಯ ಹೊರಗಿನ ಮೊಗಸಾಲೆಯ ನೆಲಹಾಸಿನಲ್ಲಿ ವೈರಾಣುವಿನ ಕುರುಹು ಸಿಕ್ಕಿತು. ಆ ಅತಿಥಿಗಳು ಮುಂದಿನ ದಿನಗಳಲ್ಲಿ ಹನೋಯ್, ಸಿಂಗಪುರ, ಟೊರೊಂಟೊ, ವ್ಯಾಂಕೂವರ್‌ಗೆ ವಿಮಾನ ಹತ್ತಿದರು. ಗುವಾಂಗ್‌ಡಾಂಗ್‌ನೊಳಗೆ ಮೂರು ತಿಂಗಳು ಸುತ್ತುತ್ತಿದ್ದ ಜ್ವರ ಹೀಗೆ ಎರಡು ವಾರದೊಳಗೆ ಎರಡು ಖಂಡ ಮುಟ್ಟಿತು.

ಡಾ. ಲಿಯು ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಕ್ವಾಂಗ್ ವಾ ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಅವರು ಅಲ್ಲಿನವರನ್ನು ಎಚ್ಚರಿಸಿದರು. ನನಗೆ ಬಹಳ ಉಗ್ರವಾದ ರೋಗ ತಗುಲಿದೆಯೆಂಬ ಭಯವಿದೆ ಎಂದು ತಾವೇ ಹೇಳಿಕೊಂಡರು. ಸಿಬ್ಬಂದಿ ಎಚ್ಚರ ವಹಿಸಿದರು. ಅಲ್ಲಿ ಸೋಂಕು ದೊಡ್ಡದಾಗಿ ಹರಡಲಿಲ್ಲ. ಮಾರ್ಚ್ 4ರಂದು ಅವರು ತೀರಿಕೊಂಡರು. ಜಗತ್ತಿಗೆ ರೋಗ ಹಂಚಿದವರೆಂದು ಅವರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಸರ್ಕಾರ ಹೇಳದ ಮಾತನ್ನು ಸಾಯುವ ಮುನ್ನ ಹೇಳಿದವರೆಂದೂ ಉಳಿಯಬೇಕು.

ಅವರು ಸತ್ತ ದಿನವೇ, ಅದೇ ಊರಿನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯ 8ಎ ವಾರ್ಡಿಗೆ ಒಬ್ಬ ಯುವಕ ದಾಖಲಾದ. ಮೆಟ್ರೊಪೋಲ್ ಹೋಟೆಲಿನಲ್ಲಿ ಸ್ನೇಹಿತನನ್ನು ಭೇಟಿಯಾಗಿ ಬಂದಿದ್ದ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸಾಮಾನ್ಯ ನ್ಯುಮೋನಿಯಾ ಎಂದುಕೊಂಡರು. ಉಸಿರಾಟಕ್ಕೆ ಆರಾಮವಾಗಲೆಂದು ದಿನಕ್ಕೆ ನಾಲ್ಕು ಸಲ ನೆಬ್ಯುಲೈಸರ್ ಇಟ್ಟರು. ಔಷಧಿಯನ್ನು ಮಂಜಿನಂತೆ ಎಬ್ಬಿಸುವ ಆ ಯಂತ್ರ ರೋಗಿಯ ಉಸಿರನ್ನೂ ವಾರ್ಡಿನ ತುಂಬ ಚೆಲ್ಲಿತು. ಎರಡು ವಾರದಲ್ಲಿ 138 ಮಂದಿಗೆ ಸೋಂಕು: ನರ್ಸ್‌ಗಳು, ವೈದ್ಯರು, ಪರೀಕ್ಷೆಗೆ ಓದುತ್ತಿದ್ದ ವೈದ್ಯ ವಿದ್ಯಾರ್ಥಿಗಳು, ಪಕ್ಕದ ರೋಗಿಗಳು, ಅವರನ್ನು ನೋಡಲು ಹಣ್ಣು ಹಿಡಿದು ಬಂದವರು. ಒಂದು ಆಸ್ಪತ್ರೆಗೆ ಗೊತ್ತಿತ್ತು, ಇನ್ನೊಂದಕ್ಕೆ ಗೊತ್ತಿರಲಿಲ್ಲ, ವೈರಾಣುವೇನೂ ಬೇರೆಯಲ್ಲ.

8ಎ ವಾರ್ಡಿನಿಂದ ಎಳೆ ಅಮಾಯ್ ಗಾರ್ಡನ್ಸ್‌ಗೆ ಹೋಗುತ್ತದೆ. ಕೌಲೂನ್‌ನ ದೊಡ್ಡ ವಸತಿ ಸಮುಚ್ಚಯ ಅದು. ಮೂತ್ರಪಿಂಡದ ಚಿಕಿತ್ಸೆಗೆ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಗೆ ಬಂದುಹೋಗುತ್ತಿದ್ದ ಒಬ್ಬ ವ್ಯಕ್ತಿ ಮಾರ್ಚ್ ಮಧ್ಯದಲ್ಲಿ ಅಲ್ಲಿನ ಇ ಬ್ಲಾಕಿನ ಸೋದರನ ಮನೆಗೆ ಎರಡು ಸಲ ಬಂದ. ಭೇದಿ ಆಗುತ್ತಿತ್ತು, ಶೌಚಾಲಯ ಬಳಸಿದ. ಮುಂದಿನ ಕೆಲವೇ ವಾರಗಳಲ್ಲಿ ಆ ಸಮುಚ್ಚಯದ ಮುನ್ನೂರಕ್ಕೂ ಹೆಚ್ಚು ನಿವಾಸಿಗಳು ಕಾಯಿಲೆ ಬಿದ್ದರು, 42 ಮಂದಿ ಸತ್ತರು. ಇದು ಹೇಗಾಯಿತು ಎಂದು ಎಂಜಿನಿಯರುಗಳು ಕೊಳಾಯಿಗಳ ಬೆನ್ನುಹತ್ತಿದರು. ಬಚ್ಚಲಿನ ನೆಲದ ಜಾಲರಿಯ ಕೆಳಗೆ ಬಾಗಿದ ಕೊಳವೆ ಇರುತ್ತದೆ. ಅದರಲ್ಲಿ ಸದಾ ಒಂದಿಷ್ಟು ನೀರು ನಿಂತು, ಕೆಳಗಿನ ಮೋರಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುತ್ತದೆ. ಅಲ್ಲಿನವರು ಬಚ್ಚಲಿನ ನೆಲವನ್ನು ನೀರು ಹಾಕಿ ತೊಳೆಯುವ ಬದಲು ಒರೆಸುತ್ತಿದ್ದರು. ಹಾಗಾಗಿ ಆ ನೀರು ಒಣಗಿಹೋಗಿತ್ತು. ಬಾಗಿಲು ಮುಚ್ಚಿ ಬಚ್ಚಲಿನ ಫ್ಯಾನ್ ಹಾಕಿದರೆ ಅದು ಮೋರಿಯ ಗಾಳಿಯನ್ನು ಹನಿಗಳ ಸಮೇತ ಒಳಗೆಳೆದು, ಕಟ್ಟಡದ ನಡುವಿನ ಕಿರಿದಾದ ಬೆಳಕಿಂಡಿಗೆ ಬಿಡುತ್ತಿತ್ತು. ಅಲ್ಲಿಂದ ಅದು ಮೇಲಿನ ಮಹಡಿಗಳ ಕಿಟಕಿಗಳಿಗೆ ಏರುತ್ತಿತ್ತು. ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಚ್ಚಲಿನಲ್ಲೂ ಇದೇ ಬಾಗಿದ ಕೊಳವೆ ಇದೆ. ತಿಂಗಳುಗಟ್ಟಲೆ ಬಳಸದ ಬಚ್ಚಲಿಗೆ ಆಗಾಗ ಒಂದು ಚೊಂಬು ನೀರು ಹಾಕಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಹನೋಯ್‌ಗೆ ರೋಗ ತಂದದ್ದು ಮೆಟ್ರೊಪೋಲ್‌ನಲ್ಲಿ ತಂಗಿದ್ದ ಒಬ್ಬ ವ್ಯಾಪಾರಸ್ಥ. ಫೆಬ್ರವರಿ 26ರಂದು ಅಲ್ಲಿನ ಫ್ರೆಂಚ್ ಆಸ್ಪತ್ರೆಗೆ ಸೇರಿದರು. ಹಕ್ಕಿಜ್ವರ ಇರಬಹುದೇನೋ ಎಂದು ಅನುಮಾನಿಸಿದ ಆಸ್ಪತ್ರೆಯವರು ಫೆಬ್ರವರಿ 28ರಂದು ವಿಶ್ವ ಆರೋಗ್ಯ ಸಂಸ್ಥೆಯ ಡಾ. ಕಾರ್ಲೊ ಉರ್ಬಾನಿ ಅವರನ್ನು ಕರೆದರು. ಉರ್ಬಾನಿ ಇಟಲಿಯವರು, ಜಂತುಹುಳುಗಳಿಂದ ಬರುವ ಬಡವರ ಕಾಯಿಲೆಗಳ ಪರಿಣತ. ಗಡಿಗಳಿಲ್ಲದ ವೈದ್ಯರ ಸಂಘಟನೆಗೆ 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅದರ ಇಟಲಿ ಶಾಖೆಯ ಅಧ್ಯಕ್ಷರಾಗಿದ್ದವರು. ಶ್ವಾಸಕೋಶದ ಕಾಯಿಲೆ ಅವರ ಕ್ಷೇತ್ರವೇ ಅಲ್ಲ. ಆದರೂ ದಿನವೂ ಹೋದರು, ಗಂಟಲಿನ ಮಾದರಿ ತೆಗೆದರು, ರೋಗದ ಲಕ್ಷಣಗಳನ್ನು ಬರೆದಿಟ್ಟರು, ಸಿಬ್ಬಂದಿಗೆ ಮಾಸ್ಕ್ ಹಾಕುವುದು, ಕೈ ತೊಳೆಯುವುದು, ಗೌನು ಬದಲಿಸುವುದನ್ನು ಹೇಳಿಕೊಟ್ಟರು. ಅಷ್ಟರಲ್ಲಿ ಡಜನ್‌ಗಟ್ಟಲೆ ಸಿಬ್ಬಂದಿ ಮಲಗಿದ್ದರು. ಮನೆಗೆ ಹೋದರೆ ಮಕ್ಕಳಿಗೆ ಅಂಟೀತು ಎಂದು ಉಳಿದವರು ಆಸ್ಪತ್ರೆಯಲ್ಲೇ ನಿಂತರು. ಮಾರ್ಚ್ 9ರಂದು ಉರ್ಬಾನಿ ಮತ್ತವರ ಸಹೋದ್ಯೋಗಿಗಳು ವಿಯೆಟ್ನಾಂ ಆರೋಗ್ಯ ಸಚಿವಾಲಯದವರ ಜೊತೆ ಗಂಟೆಗಟ್ಟಲೆ ಕೂತು ಒಪ್ಪಿಸಿದರು: ಆಸ್ಪತ್ರೆಯನ್ನು ಪ್ರತ್ಯೇಕಿಸಿ, ಹೊರಗಿನ ತಜ್ಞರನ್ನು ಕರೆಯಿರಿ, ಮುಚ್ಚಿಡಬೇಡಿ. ವಿಯೆಟ್ನಾಂ ಕೇಳಿತು. ಪ್ರವಾಸಿಗರು ಬಾರದೆ ನಷ್ಟವಾಗುತ್ತದೆಂದು ಗೊತ್ತಿದ್ದೂ ಕೇಳಿತು. ಮುಂದೆ ಬಾಕ್ ಮಾಯ್ ಎಂಬ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಇಟ್ಟು ನೋಡಿಕೊಂಡರು. ದೊಡ್ಡ ಕಿಟಕಿಗಳನ್ನು ಹಗಲೂ ರಾತ್ರಿ ತೆರೆದಿಟ್ಟ ಆ ವಾರ್ಡುಗಳಲ್ಲಿ ಸಿಬ್ಬಂದಿಗೆ ಸೋಂಕು ತಗುಲಲಿಲ್ಲ. ಏಪ್ರಿಲ್ 28ರಂದು, ಸಾರ್ಸ್ ಹತೋಟಿಗೆ ತಂದ ಮೊದಲ ದೇಶ ಎಂದು ವಿಯೆಟ್ನಾಂ ಹೆಸರು ಘೋಷಣೆಯಾಯಿತು. 63 ಪ್ರಕರಣ, 5 ಸಾವು.

ಉರ್ಬಾನಿ ಅದನ್ನು ನೋಡಲು ಉಳಿದಿರಲಿಲ್ಲ. ಮಾರ್ಚ್ 11ರಂದು ಬ್ಯಾಂಕಾಕ್‌ಗೆ ಹೊರಟಾಗ ವಿಮಾನದಲ್ಲೇ ಜ್ವರ ಏರಿತು. ಇಳಿದ ಮೇಲೆ, ಎದುರುಗೊಳ್ಳಲು ಬಂದ ಸಹೋದ್ಯೋಗಿಯನ್ನು ಹತ್ತಿರ ಬಾರದಂತೆ ತಡೆದು ದೂರದಲ್ಲೇ ಕೂರಿಸಿ, ರಕ್ಷಣೆಯ ಉಡುಪಿನೊಂದಿಗೆ ಆಂಬುಲೆನ್ಸ್ ಬರುವವರೆಗೆ ಕಾದರು. ಮಾರ್ಚ್ 29ರಂದು, 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಕಳಿಸಿದ ಸುದ್ದಿಯ ಬಲದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 12ರಂದು ಜಗತ್ತಿಗೆಲ್ಲ ಎಚ್ಚರಿಕೆ ಕೊಟ್ಟಿತು. 15ರಂದು ರೋಗಕ್ಕೆ ಸಾರ್ಸ್ ಎಂದು ಹೆಸರಾಯಿತು. ಆ ಎಚ್ಚರಿಕೆಯ ನಂತರ ರೋಗ ಕಾಲಿಟ್ಟ ಹೆಚ್ಚಿನ ದೇಶಗಳು ಅದನ್ನು ಹೊಸ್ತಿಲಲ್ಲೇ ತಡೆದವು.

ಕೆನಡಾದ ಎರಡು ಊರುಗಳ ಕಥೆಯನ್ನು ನರ್ಸಿಂಗ್ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಒಂದೇ ಹೋಟೆಲಿನಿಂದ ಹೊರಟ ಸೋಂಕು ಟೊರೊಂಟೊ ಮತ್ತು ವ್ಯಾಂಕೂವರ್ ಎರಡಕ್ಕೂ ಬಂತು. ಎರಡೂ ಕಡೆ ರೋಗಿ ಆಸ್ಪತ್ರೆಗೆ ಹೋದದ್ದು ಮಾರ್ಚ್ 7ರಂದೇ. ಚೀನಾ ಕಡೆಯಿಂದ ಬಂದವರಲ್ಲಿ ಉಸಿರಾಟದ ಕಾಯಿಲೆ ಕಂಡರೆ ಎಚ್ಚರ ಎಂದು ವ್ಯಾಂಕೂವರ್‌ನ ಪ್ರಾಂತೀಯ ರೋಗ ನಿಯಂತ್ರಣ ಕೇಂದ್ರ ಫೆಬ್ರವರಿಯಲ್ಲೇ ಆಸ್ಪತ್ರೆಗಳಿಗೆ ಹೇಳಿಟ್ಟಿತ್ತು. ಅಲ್ಲಿ ರೋಗಿ ಬಂದ ಕೆಲವೇ ನಿಮಿಷಗಳಲ್ಲಿ ಬೇರೆ ಕೋಣೆಗೆ ಹೋದ, ಸಿಬ್ಬಂದಿ ಮಾಸ್ಕ್ ಹಾಕಿದರು. ಸೋಂಕು ಅಲ್ಲಿಗೇ ನಿಂತಿತು. ಟೊರೊಂಟೊದಲ್ಲಿ ಹೋಟೆಲಿನಲ್ಲಿ ತಂಗಿದ್ದ ಅಜ್ಜಿ ಮನೆಯಲ್ಲೇ ತೀರಿಕೊಂಡಿದ್ದರು. ಅವರನ್ನು ನೋಡಿಕೊಂಡ ಮಗ ಸ್ಕಾರ್‌ಬರೊ ಗ್ರೇಸ್ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಪರದೆಯಷ್ಟೇ ಅಡ್ಡವಿದ್ದ ಹಾಸಿಗೆಯಲ್ಲಿ ಒಂದು ರಾತ್ರಿಯಿಡೀ ಇದ್ದ. ಹತ್ತಿರದ ಹಾಸಿಗೆಗಳ ರೋಗಿಗಳಿಗೆ ತಗುಲಿತು, ಅವರಿಂದ ಅವರ ಮನೆಯವರಿಗೆ, ಅವರಿಂದ ಇನ್ನೊಂದು ಆಸ್ಪತ್ರೆಗೆ. ಕೆನಡಾದಲ್ಲಿ ಸುಮಾರು 44 ಮಂದಿ ಸತ್ತರು. ಮೇ ಮಧ್ಯದ ಹೊತ್ತಿಗೆ ರೋಗ ಮುಗಿಯಿತೆಂದು ಮಾಸ್ಕ್ ನಿಯಮ ಸಡಿಲಿಸಿದರು. ನಾರ್ತ್ ಯಾರ್ಕ್ ಜನರಲ್ ಆಸ್ಪತ್ರೆಯ ನರ್ಸ್‌ಗಳು, ಇಲ್ಲ, ನಮ್ಮ ವಾರ್ಡುಗಳಲ್ಲಿ ಇದು ಮತ್ತೆ ಕಾಣುತ್ತಿದೆ ಎಂದು ಹೇಳಿದರು. ಅವರ ಮಾತಿಗೆ ಕಿವಿಗೊಡಲಿಲ್ಲ. ಎರಡನೇ ಅಲೆ ಎದ್ದಿತು. ನಂತರ ನ್ಯಾಯಮೂರ್ತಿ ಆರ್ಚಿ ಕ್ಯಾಂಪ್‌ಬೆಲ್ ಆಯೋಗ ಇದನ್ನೆಲ್ಲ ವಿಚಾರಿಸಿ, ವೈಜ್ಞಾನಿಕವಾಗಿ ಪೂರ್ತಿ ಖಚಿತವಾಗುವವರೆಗೆ ಸಿಬ್ಬಂದಿಯ ರಕ್ಷಣೆಯನ್ನು ಮುಂದೂಡಬಾರದು ಎಂದು ಖಡಾಖಂಡಿತವಾಗಿ ಬರೆಯಿತು. ಆ ವರದಿಯ ಸಾರ ನಮ್ಮ ಪ್ರತಿ ಆಸ್ಪತ್ರೆಯ ಆಡಳಿತಗಾರರ ಮೇಜಿನ ಮೇಲಿರಬೇಕು.

ಸಿಂಗಪುರದ ಲೆಕ್ಕ ಇನ್ನೊಂದು ಪಾಠ ಕಲಿಸುತ್ತದೆ. ಅಲ್ಲಿನ ಮೊದಲ 201 ರೋಗಿಗಳಲ್ಲಿ 103 ಮಂದಿಗೆ ಸೋಂಕು ಬಂದದ್ದು ಕೇವಲ ಐವರಿಂದ. ಐದರಲ್ಲಿ ನಾಲ್ಕು ಪಾಲು ರೋಗಿಗಳು ಯಾರಿಗೂ ಅಂಟಿಸಲೇ ಇಲ್ಲ. ಇಂಥ ಐವರನ್ನು ಸೂಪರ್ ಸ್ಪ್ರೆಡರ್ ಎನ್ನುತ್ತಾರೆ. ಅವರ ದೇಹದ ಗುಣಕ್ಕಿಂತ ಅವರು ಇದ್ದ ಸ್ಥಿತಿಯನ್ನು ನೋಡಬೇಕು: ಮೊದಲೇ ಬೇರೆ ಕಾಯಿಲೆಗಳಿದ್ದು ಸಾರ್ಸ್ ಎಂದು ಗುರುತಾಗದೆ ಸಾಮಾನ್ಯ ವಾರ್ಡಿನಲ್ಲಿ ದಿನಗಟ್ಟಲೆ ಮಲಗಿದ್ದವರು ಅವರಲ್ಲಿ ಹಲವರು. ಸಾರ್ಸ್‌ಗೆ ಒಂದು ಸ್ವಭಾವವಿತ್ತು. ಲಕ್ಷಣ ಕಾಣುವ ಮೊದಲು ಅದು ಅಂಟುತ್ತಿದ್ದುದು ತೀರಾ ಕಡಿಮೆ. ಹೆಚ್ಚು ಅಂಟುತ್ತಿದ್ದುದು ಎರಡನೇ ವಾರದಲ್ಲಿ, ರೋಗಿ ತೀರಾ ಕಂಗೆಟ್ಟು ಆಸ್ಪತ್ರೆ ಸೇರಿದ ಮೇಲೆ. ಆಸ್ಪತ್ರೆಗಳೇ ಸೋಂಕಿನ ಮನೆಯಾದದ್ದು ಇದರಿಂದ. ರೋಗವನ್ನು ಕಟ್ಟಿಹಾಕಲು ಸಾಧ್ಯವಾದದ್ದೂ ಇದರಿಂದಲೇ. ಜ್ವರ ಬಂದವರನ್ನು ಬೇಗ ಗುರುತಿಸಿ ಬೇರೆ ಇಟ್ಟು, ಅವರ ಸಂಪರ್ಕಕ್ಕೆ ಬಂದವರ ಮೇಲೆ ಹತ್ತು ದಿನ ನಿಗಾ ಇಟ್ಟರೆ ಸರಪಳಿ ಕಡಿಯುತ್ತಿತ್ತು. ಲಸಿಕೆ ಇರಲಿಲ್ಲ, ಔಷಧಿ ಇರಲಿಲ್ಲ. ಥರ್ಮಾಮೀಟರ್, ಮಾಸ್ಕ್, ಪ್ರತ್ಯೇಕ ಕೋಣೆ, ಮನೆಮನೆಗೆ ಹೋಗುವ ಕಾರ್ಯಕರ್ತೆಯರು ಇದನ್ನು ಗೆದ್ದರು.

ಬೀಜಿಂಗ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಏಪ್ರಿಲ್ ಆರಂಭದಲ್ಲಿ ಆರೋಗ್ಯ ಸಚಿವರು ಟಿವಿಯಲ್ಲಿ, ನಗರದಲ್ಲಿ 12 ಪ್ರಕರಣ, 3 ಸಾವು, ಚೀನಾ ಸುರಕ್ಷಿತ ಎಂದರು. ಅದನ್ನು ನೋಡುತ್ತಿದ್ದ ಸೇನಾ ಆಸ್ಪತ್ರೆಯ ನಿವೃತ್ತ ಶಸ್ತ್ರವೈದ್ಯ ಜಿಯಾಂಗ್ ಯಾನ್‌ಯೊಂಗ್‌ಗೆ ತಡೆಯಲಾಗಲಿಲ್ಲ. ಒಂದೇ ಸೇನಾ ಆಸ್ಪತ್ರೆಯಲ್ಲಿ 60 ರೋಗಿಗಳಿದ್ದಾರೆಂದು ತನ್ನ ಹೆಸರು ಹಾಕಿ ಪತ್ರ ಬರೆದು ಟಿವಿ ವಾಹಿನಿಗಳಿಗೆ ಕಳಿಸಿದರು. ಅಮೆರಿಕದ ಟೈಮ್ ಪತ್ರಿಕೆ ಅದನ್ನು ಹೊರಗೆಡವಿತು. ಏಪ್ರಿಲ್ 20ರಂದು ಸಚಿವರೂ ಬೀಜಿಂಗ್ ಮೇಯರ್ ಕೂಡ ಅಧಿಕಾರ ಕಳೆದುಕೊಂಡರು, ನಗರದ ಲೆಕ್ಕ ಒಂದೇ ದಿನ 37ರಿಂದ 339ಕ್ಕೆ ಏರಿತು. ಅಲ್ಲಿಂದ ಮುಂದೆ ಚೀನಾ ಮಾಡಿದ ಕೆಲಸ ಅಗಾಧ. ನಗರದ ಹೊರವಲಯದಲ್ಲಿ ಸಾವಿರ ಹಾಸಿಗೆಯ ಶಿಯಾವೊತಾಂಗ್‌ಶಾನ್ ಆಸ್ಪತ್ರೆಯನ್ನು ಒಂದು ವಾರದಲ್ಲಿ ಕಟ್ಟಿ ನಿಲ್ಲಿಸಿತು. ಜಿಯಾಂಗ್‌ಗೆ ಮರುವರ್ಷ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಮ್ಮ ದೇಶದಲ್ಲಿ ಬಹುಕಾಲ ಕಣ್ಗಾವಲಿನಲ್ಲೇ ಬದುಕಿ 2023ರಲ್ಲಿ ತೀರಿಕೊಂಡರು.

ಇಷ್ಟೆಲ್ಲ ಮಾಡಿದ ವೈರಾಣು ಯಾವುದು, ಎಲ್ಲಿಂದ ಬಂತು? ಮಾರ್ಚ್ 17ರಂದು ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಹನ್ನೊಂದು ಪ್ರಯೋಗಾಲಯಗಳನ್ನು ಒಂದು ಜಾಲವಾಗಿ ಹೆಣೆಯಿತು. ಪರಸ್ಪರ ಪೈಪೋಟಿಯವರೆಲ್ಲ ದಿನವೂ ಫೋನಿನಲ್ಲಿ ಕೂಡಿ ತಮಗೆ ಕಂಡದ್ದನ್ನು ಹಂಚಿಕೊಂಡರು. ವಾರದೊಳಗೆ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ, ಶ್ರೀಲಂಕಾದ ಮಲಿಕ್ ಪೈರಿಸ್ ಅವರ ತಂಡಕ್ಕೆ ಹೊಸ ಕೊರೊನಾವೈರಸ್ ಸಿಕ್ಕಿತು; ಅಮೆರಿಕ ಮತ್ತು ಜರ್ಮನಿಯ ಪ್ರಯೋಗಾಲಯಗಳೂ ಅದನ್ನೇ ಕಂಡವು. ಅಲ್ಲಿಯವರೆಗೆ ಕೊರೊನಾ ಎಂದರೆ ಮನುಷ್ಯರಲ್ಲಿ ನೆಗಡಿ ತರುವ ಬಡಕಲು ಕುಲ ಎಂದು ಎಲ್ಲರ ಎಣಿಕೆ. ಏಪ್ರಿಲ್ 12ರ ಹೊತ್ತಿಗೆ ವ್ಯಾಂಕೂವರ್‌ನ ತಂಡ ಅದರ ಸುಮಾರು 29,700 ಅಕ್ಷರಗಳ ಜೀನೋಮನ್ನು ಓದಿ ಮುಗಿಸಿತ್ತು.

ಮೂಲ ಹುಡುಕುವುದಕ್ಕೆ ಇಷ್ಟು ವೇಗ ಸಾಧ್ಯವಿರಲಿಲ್ಲ. ಆರಂಭದ ರೋಗಿಗಳಲ್ಲಿ ಅಡುಗೆಯವರು, ಪ್ರಾಣಿ ವ್ಯಾಪಾರಿಗಳು ಎದ್ದುಕಾಣುತ್ತಿದ್ದರು. ಮೇ ತಿಂಗಳಲ್ಲಿ ಗುವಾನ್ ಯಿ ಎಂಬ ವಿಜ್ಞಾನಿ ಸಂಗಡಿಗರೊಂದಿಗೆ ಶೆಂಝೆನ್‌ನ ಪ್ರಾಣಿ ಮಾರುಕಟ್ಟೆಗೆ ಹೋಗಿ ಪಂಜರದ ಪ್ರಾಣಿಗಳ ಮೂಗು, ಮಲದ ಮಾದರಿ ತೆಗೆದರು. ಪುನುಗು ಬೆಕ್ಕಿನ ಕುಲದ ಒಂದು ಪ್ರಾಣಿಯಲ್ಲಿ ಹೆಚ್ಚುಕಡಿಮೆ ಇದೇ ವೈರಾಣು ಸಿಕ್ಕಿತು. ಮನುಷ್ಯರಿಂದ ತೆಗೆದ ಹೆಚ್ಚಿನ ಮಾದರಿಗಳಲ್ಲಿ ಇಲ್ಲದ 29 ಅಕ್ಷರಗಳ ತುಣುಕೊಂದು ಪ್ರಾಣಿಯ ವೈರಾಣುವಿನಲ್ಲಿತ್ತು. ಅಲ್ಲಿನ ವ್ಯಾಪಾರಿಗಳ ರಕ್ತವನ್ನೂ ಪರೀಕ್ಷಿಸಿದರು: ಕಾಡುಪ್ರಾಣಿ ಮಾರುವ 20 ಮಂದಿಯಲ್ಲಿ 8 ಮಂದಿಗೆ ಈ ವೈರಾಣುವಿನ ವಿರುದ್ಧ ಪ್ರತಿಕಾಯಗಳಿದ್ದವು, ತರಕಾರಿ ಮಾರುವ 20 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ವ್ಯಾಪಾರಿಗಳಿಗೆ ಗೊತ್ತಿಲ್ಲದಂತೆ ಸೋಂಕು ಮೊದಲೇ ಅವರನ್ನು ಹಾದುಹೋಗಿತ್ತು.

ಪುನುಗು ಬೆಕ್ಕೇ ಅಪರಾಧಿ ಎಂದು 2004ರ ಜನವರಿಯಲ್ಲಿ ಗುವಾಂಗ್‌ಡಾಂಗ್‌ನಲ್ಲಿ ಸಾವಿರಾರನ್ನು ಕೊಂದರು. ಆದರೆ ಸಾಕಣೆ ಕೇಂದ್ರಗಳ ಬೆಕ್ಕುಗಳಲ್ಲಿ ಸೋಂಕು ಅಪರೂಪವಿತ್ತು. ಮಾರುಕಟ್ಟೆಯಲ್ಲಿ ಇತರ ಪ್ರಾಣಿಗಳ ಜೊತೆ ಪಂಜರದ ಮೇಲೆ ಪಂಜರ ಪೇರಿಸಿಟ್ಟವುಗಳಲ್ಲಿ ಬಹುಪಾಲಿಗೆ ಇತ್ತು. ಅಂದರೆ ಅವೂ ನಡುವೆ ಸಿಕ್ಕಿಕೊಂಡವು. 2005ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ಮೂಗಿನ ಮೇಲೆ ಕುದುರೆ ಲಾಳದಂಥ ಚರ್ಮದ ಮಡಿಕೆಯಿರುವ ಪುಟ್ಟ ಬಾವಲಿಗಳಲ್ಲಿ ಸಾರ್ಸ್‌ನ ಬಂಧು ವೈರಾಣುಗಳನ್ನು ಕಂಡವು. ಶಿ ಝೆಂಗ್ಲಿ ಮತ್ತವರ ಸಂಗಡಿಗರು ಯುನ್ನಾನ್ ಪ್ರಾಂತದ ಒಂದೇ ಗವಿಗೆ ಐದು ವರ್ಷ ಹೋಗಿ ಬಾವಲಿಗಳ ಹಿಕ್ಕೆ ಸಂಗ್ರಹಿಸಿ, 2017ರಲ್ಲಿ ತೋರಿಸಿಕೊಟ್ಟರು: ಸಾರ್ಸ್ ವೈರಾಣುವಿನ ಎಲ್ಲ ತುಣುಕುಗಳೂ ಆ ಗವಿಯ ಬಾವಲಿಗಳ ನಾನಾ ವೈರಾಣುಗಳಲ್ಲಿ ಹಂಚಿಹೋಗಿ ಇದ್ದವು. ಮೊದಲ ರೋಗಿಯಿಂದ ಆ ಗವಿಗೆ ಹೋಗಲು ವಿಜ್ಞಾನಕ್ಕೆ ಹದಿನೈದು ವರ್ಷ ಬೇಕಾಯಿತು. ಗವಿ ಇರುವುದು ಫೋಶಾನ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ದೂರದಲ್ಲಿ. ಆ ದೂರವನ್ನು ಬಾವಲಿ ಹಾರಿ ದಾಟಬೇಕಿರಲಿಲ್ಲ. ಪ್ರಾಣಿಗಳನ್ನು ಹೊತ್ತ ಲಾರಿಗಳು ದಾಟುತ್ತಿದ್ದವು. ಕಾಡಿನಲ್ಲಿ ಒಂದನ್ನೊಂದು ನೋಡದ ಜೀವಿಗಳನ್ನು ಹಸಿವು, ಭಯ, ಗಾಯಗಳ ನಡುವೆ ಒಂದೇ ಸೂರಿನಡಿ ತಂದಿಟ್ಟದ್ದು ನಮ್ಮ ವ್ಯಾಪಾರ. ಬಾವಲಿಯನ್ನು ದೂರುವುದರಲ್ಲಿ ಹುರುಳಿಲ್ಲ.

2003ರ ಜುಲೈ 5ರಂದು ಸಾರ್ಸ್ ಹತೋಟಿಗೆ ಬಂತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಆಮೇಲೆ ಅದು ತಲೆಯೆತ್ತಿದ ಬಗೆಯನ್ನೂ ಹೇಳಬೇಕು. ಸಿಂಗಪುರ, ತೈವಾನ್, ಬೀಜಿಂಗ್ ಈ ಮೂರೂ ಕಡೆ ಪ್ರಯೋಗಾಲಯದೊಳಗೇ ಸಂಶೋಧಕರಿಗೆ ಸೋಂಕು ತಗುಲಿತು. 2004ರ ವಸಂತದಲ್ಲಿ ಬೀಜಿಂಗ್‌ನ ಪ್ರಯೋಗಾಲಯದಿಂದ ಸೋಂಕು ಹೊತ್ತು ಹೋದ ವಿದ್ಯಾರ್ಥಿನಿಯನ್ನು ನೋಡಿಕೊಂಡ ತಾಯಿ ತೀರಿಕೊಂಡರು. ಅವಳ ಶುಶ್ರೂಷೆ ಮಾಡಿದ ನರ್ಸ್‌ಗೂ ಅಂಟಿತು.

ಆರೈಕೆ ಮಾಡುತ್ತಲೇ ಸೋಂಕು ತಗುಲಿ ಸತ್ತವರಲ್ಲಿ ಇಬ್ಬರ ಹೆಸರನ್ನಾದರೂ ಈ ವೇದಿಕೆಯಿಂದ ಹೇಳಬೇಕು. ಗುವಾಂಗ್‌ಡಾಂಗ್‌ನ ಹೆಡ್ ನರ್ಸ್ ಯೆ ಶಿನ್, 2003ರ ಮಾರ್ಚ್ 25ರಂದು. ಹಾಂಗ್‌ಕಾಂಗ್‌ನ ತ್ವೆನ್ ಮುನ್ ಆಸ್ಪತ್ರೆಯಲ್ಲಿ ಸಾರ್ಸ್ ವಾರ್ಡಿಗೆ ತಾವಾಗಿಯೇ ಮುಂದೆ ಬಂದ ಡಾ. ತ್ಸೆ ಯುಯೆನ್ ಮನ್, ಮೇ 13ರಂದು, ವಯಸ್ಸು 35. 

ಇವರೆಲ್ಲರ ಸಾವಿನಿಂದ ಹುಟ್ಟಿದ ಒಂದು ಕಾಯ್ದೆಬದ್ಧ ಬದಲಾವಣೆ ಇದೆ. ಅದುವರೆಗಿನ ಅಂತಾರಾಷ್ಟ್ರೀಯ ಆರೋಗ್ಯ ನಿಯಮಗಳಂತೆ ಒಂದು ದೇಶ ಜಗತ್ತಿಗೆ ಕಡ್ಡಾಯವಾಗಿ ತಿಳಿಸಬೇಕಿದ್ದದ್ದು ಕಾಲರಾ, ಪ್ಲೇಗ್, ಹಳದಿಜ್ವರ ಈ ಮೂರನ್ನು ಮಾತ್ರ. 2005ರಲ್ಲಿ ನಿಯಮ ತಿದ್ದಿ, ಅಂತಾರಾಷ್ಟ್ರೀಯ ಆತಂಕ ತರಬಲ್ಲ ಯಾವುದೇ ಹೊಸ ರೋಗವನ್ನು ಅದರ ಪರಿಶೀಲನೆ ಮುಗಿದ 24 ಗಂಟೆಯೊಳಗೆ ತಿಳಿಸಬೇಕೆಂದು ಮಾಡಿದರು. ಸರ್ಕಾರಗಳಲ್ಲದ ಮೂಲಗಳ ಸುದ್ದಿಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸಬಹುದೆಂದರು. 2007ರ ಜೂನ್‌ನಿಂದ ಇದು ಜಾರಿಯಲ್ಲಿದೆ. ನಿಯಮ ಒಳ್ಳೆಯದು. ಆದರೆ ನಿಯಮಕ್ಕಿಂತ ಮೊದಲು ಯಾರೋ ಒಬ್ಬರು ವಾರ್ಡಿನಲ್ಲಿ ಕಂಡದ್ದನ್ನು ಹೇಳಬೇಕು, ಹೇಳಿದವರಿಗೆ ಕೇಡಾಗಬಾರದು.

2019ರ ಡಿಸೆಂಬರ್ 30ರಂದು ವುಹಾನ್‌ನ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್ ತನ್ನ ಸಹಪಾಠಿ ವೈದ್ಯರಿಗೆ ಸಂದೇಶ ಕಳಿಸಿದರು: ಏಳು ಸಾರ್ಸ್ ಪ್ರಕರಣಗಳು ಬಂದಿವೆ, ಎಚ್ಚರ. ಅದು ಸಾರ್ಸ್ ಆಗಿರಲಿಲ್ಲ, ಅದರ ಹತ್ತಿರದ ಬಂಧುವಾದ ಕೋವಿಡ್ ಆಗಿತ್ತು. ಲಕ್ಷಣ ಕಾಣುವ ಮೊದಲೇ ಅಂಟುವ ಗುಣವಿದ್ದುದರಿಂದ ಥರ್ಮಾಮೀಟರಿನ ಹಳೆಯ ಉಪಾಯ ಅದಕ್ಕೆ ಸಾಲಲಿಲ್ಲ. ಲಿ ಅವರನ್ನು ಪೊಲೀಸರು ಕರೆಸಿ ಛೀಮಾರಿ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅವರಿಗೆ ಸೋಂಕು ಬಂದದ್ದು ಕಣ್ಣು ಪರೀಕ್ಷಿಸಿದ ಒಬ್ಬ ರೋಗಿಯಿಂದ. 2020ರ ಫೆಬ್ರವರಿ 7ರಂದು ಸತ್ತರು.

ಮರುತಿಂಗಳು, ಮಾರ್ಚ್‌ನಲ್ಲಿ, ಭಾರತದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯಿಂದ. ಸೌದಿ ಅರೇಬಿಯಾದಿಂದ ಮರಳಿದ್ದ ಹಿರಿಯರು ಅವರು. ಮಾರ್ಚ್ 10ರಂದು ತೀರಿಕೊಂಡರು. ಸೋಂಕಿತ್ತೆಂದು ಖಚಿತವಾದದ್ದು 12ರಂದು. ಮುಂದಿನ ವಾರ ಸೋಂಕಿತರ ಪಟ್ಟಿಗೆ ಇನ್ನಿಬ್ಬರು ಸೇರಿದರು: ಒಬ್ಬರು ಅವರ ಮಗಳು, ಇನ್ನೊಬ್ಬರು ಅವರಿಗೆ ಚಿಕಿತ್ಸೆ ಕೊಟ್ಟಿದ್ದ ವೈದ್ಯರು.